ರೋಡಿಯೊ ರಾಣಿಯ ಬೇಸಿಗೆ ಮತ್ತು ನಮ್ಮ ಕಾರಹುಣ್ಣಿಮೆ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ಭಾನುವಾರ ತಮ್ಮ ಪತ್ರಿಕೆಯ ಪುರವಣಿಯಲ್ಲಿ ಅಮೆರಿಕದ ರೋಡಿಯೊ ರಾಣಿಯೊಬ್ಬಳ ಬಣ್ಣದ ಚಿತ್ರ ಅಚ್ಚಾಗಿತ್ತು. ಅಗಲ ಅಂಚಿನ ಟೋಪಿ, ಟೋಪಿಯ ಮುಂಭಾಗಕ್ಕೆ ಸಿಕ್ಕಿಸಿದ ಕಿರೀಟ, ಹೆಗಲಿನಿಂದ ಸೊಂಟದವರೆಗೆ ಇಳಿಬಿಟ್ಟ ಪಟ್ಟಿ, ಕೈಯಲ್ಲಿ ಬಾವುಟ, ನಾಲ್ಕು ಕಾಲೂ ನೆಲ ಬಿಟ್ಟಂತೆ ಓಡುತ್ತಿರುವ ಕುದುರೆ. ಕೆಳಗೆ ‘ಕುದುರೆ ಏರಿದ ಸುಂದರಿ’ ಎಂಬ ಮೂರು ಪದಗಳಿದ್ದವು, ಮತ್ತೇನೂ ಇರಲಿಲ್ಲ. ಚಿತ್ರ ಚೆನ್ನಾಗಿತ್ತು. ಆದರೆ ಆ ಮೂರು ಪದಗಳು ಆ ಹುಡುಗಿಯ ದುಡಿಮೆಯನ್ನೆಲ್ಲ ಮರೆಮಾಡಿಬಿಟ್ಟವು ಎಂದು ನನಗೆ ಬೇಸರವಾಯಿತು. ಕಳೆದ ವರ್ಷ ಜುಲೈ ಕೊನೆಯಲ್ಲಿ ಅಂಥ ಒಬ್ಬ ರಾಣಿಯನ್ನು ಇಡೀ ದಿನ ಹತ್ತಿರದಿಂದ ನೋಡಿದ್ದೇನೆ, ಅವಳೊಡನೆ ಮಾತನಾಡಿದ್ದೇನೆ. ಮೂವತ್ತು ವರ್ಷ ಪಶುಪಾಲನಾ ಇಲಾಖೆಯಲ್ಲಿ ದನಕರುಗಳ ನಡುವೆ ಕಳೆದವಳಾದ್ದರಿಂದ ಅವಳ ಕೆಲಸದ ಕಷ್ಟ ಎಲ್ಲಿದೆ ಎಂಬುದೂ ನನ್ನ ಕಣ್ಣಿಗೆ ಬಿದ್ದಿದೆ. ಆ ಧೈರ್ಯದಿಂದ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೆ ಮನ್ನಿಸಬೇಕು.

ರೋಡಿಯೊ ಎಂಬುದು ಸ್ಪ್ಯಾನಿಷ್ ಮಾತು. ಸುತ್ತುವರಿಯುವುದು, ಬಯಲಿನಲ್ಲಿ ಚದುರಿದ ದನಗಳನ್ನು ಸುತ್ತುಗಟ್ಟಿ ಒಂದೆಡೆ ಕೂಡಿಸುವುದು ಎಂದು ಅದರ ಮೂಲ ಅರ್ಥ. ಮೆಕ್ಸಿಕೋದ ದನಗಾಹಿಗಳಿಂದ ಕಲಿತು ಅಮೆರಿಕದ ಪಶ್ಚಿಮ ರಾಜ್ಯಗಳ ದನಗಾಹಿಗಳು ದಿನನಿತ್ಯ ಮಾಡುತ್ತಿದ್ದ ಕೆಲಸಗಳೇ, ಅಂದರೆ ಕುದುರೆಯ ಮೇಲಿಂದ ಹಗ್ಗ ಎಸೆದು ಕರು ಹಿಡಿಯುವುದು, ಪಳಗದ ಕುದುರೆಯನ್ನು ಪಳಗಿಸುವುದು, ಕಾಲಕ್ರಮದಲ್ಲಿ ಪಂದ್ಯಗಳಾದವು. ಅರಿಝೋನಾದ ಪ್ರೆಸ್ಕಾಟ್ ಊರಿನಲ್ಲಿ 1888ರಿಂದ, ವಯೋಮಿಂಗ್ ರಾಜ್ಯದ ಶೈಯಾನ್ ನಗರದಲ್ಲಿ 1897ರಿಂದ, ಕೆನಡಾದ ಕ್ಯಾಲ್ಗರಿಯಲ್ಲಿ 1912ರಿಂದ ಇವು ನಡೆದು ಬಂದಿವೆ. ಒಂದೇ ಕೈಯಲ್ಲಿ ಹಿಡಿದುಕೊಂಡು ಎಂಟು ಸೆಕೆಂಡು ಗೂಳಿಯ ಬೆನ್ನ ಮೇಲೆ ಉಳಿಯುವ ಪಂದ್ಯವನ್ನು ನಮ್ಮವರೂ ದೂರದರ್ಶನದಲ್ಲಿ ನೋಡಿರುತ್ತಾರೆ. ಇಂಥ ಉತ್ಸವಗಳನ್ನು ಜನರ ಮುಂದೆ ಪ್ರತಿನಿಧಿಸಲು ಊರಿಗೊಬ್ಬಳು, ರಾಜ್ಯಕ್ಕೊಬ್ಬಳು, ದೇಶಕ್ಕೊಬ್ಬಳು ಯುವತಿಯನ್ನು ಒಂದು ವರ್ಷದ ಮಟ್ಟಿಗೆ ಆರಿಸುತ್ತಾರೆ. ಅವಳೇ ರೋಡಿಯೊ ರಾಣಿ.

ನನ್ನ ಮಗಳು ಡೆನ್ವರ್ ನಗರದ ಹತ್ತಿರ ವಾಸವಾಗಿದ್ದಾಳೆ. ಅಲ್ಲಿಂದ ಉತ್ತರಕ್ಕೆ ಸುಮಾರು 160 ಕಿಲೋಮೀಟರು ಹೋದರೆ ಶೈಯಾನ್. ಜುಲೈ ಕೊನೆಯ ಹತ್ತು ದಿನ ಅಲ್ಲಿ ಫ್ರಾಂಟಿಯರ್ ಡೇಸ್ ಎಂಬ ಹಬ್ಬ. ಅಮ್ಮನಿಗೆ ದನ ಕಂಡರೆ ಜೀವ ಎಂದು ಮಗಳೇ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಮರವಿಲ್ಲದ ಹುಲ್ಲುಗಾವಲು, ಸದಾ ಬೀಸುವ ಗಾಳಿ. ಹುಲ್ಲಿನ ಬಣ್ಣ ಒಂದನ್ನು ಬಿಟ್ಟರೆ ಸಿರವಾರದಿಂದ ದೇವದುರ್ಗದ ಕಡೆ ಹೊರಟಾಗ ಸಿಗುವ ಎರೆಹೊಲಗಳ ಬಯಲೇ ನೆನಪಾಗುತ್ತಿತ್ತು.

ಆ ನಾಡಿನ ಅಳತೆಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ರಾಣಿಯರ ತಿರುಗಾಟದ ಕಷ್ಟ ಅದರಿಂದಲೇ ತಿಳಿಯುತ್ತದೆ. ವಯೋಮಿಂಗ್ ರಾಜ್ಯದ ವಿಸ್ತೀರ್ಣ ಸುಮಾರು 2.53 ಲಕ್ಷ ಚದರ ಕಿಲೋಮೀಟರು. ನಮ್ಮ ಕರ್ನಾಟಕ 1.92 ಲಕ್ಷ. ಆದರೆ ಅಲ್ಲಿನ ಜನಸಂಖ್ಯೆ 2020ರ ಗಣತಿಯಂತೆ ಆರು ಲಕ್ಷವನ್ನೂ ಮುಟ್ಟುವುದಿಲ್ಲ. ನಮ್ಮ ರಾಯಚೂರು ಜಿಲ್ಲೆಯೊಂದರಲ್ಲೇ 2011ರಲ್ಲಿ 19 ಲಕ್ಷಕ್ಕೂ ಹೆಚ್ಚು ಜನರಿದ್ದರು. ಒಂದು ಊರಿಂದ ಇನ್ನೊಂದು ಊರಿಗೆ ಮುನ್ನೂರು, ನಾನೂರು ಕಿಲೋಮೀಟರು ಹೋಗುವುದು ಅಲ್ಲಿನವರಿಗೆ ಸಾಮಾನ್ಯ. ಮೇಲಾಗಿ ವರ್ಷದ ಅರ್ಧ ಭಾಗ ಹಿಮ, ಚಳಿ. ಹೀಗಾಗಿ ಬಯಲಿನಲ್ಲಿ ನಡೆಯಬೇಕಾದ ಹಬ್ಬ, ಮೆರವಣಿಗೆ, ಜಾನುವಾರು ಪ್ರದರ್ಶನಗಳೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಒತ್ತೊತ್ತಾಗಿ ಬಂದು ಬೀಳುತ್ತವೆ. ನಮ್ಮ ಕಡೆ ಬೇಸಿಗೆಯೆಂದರೆ ಎತ್ತಿಗೂ ಮನುಷ್ಯನಿಗೂ ನೆರಳು ಹುಡುಕುವ ಕಾಲ. ಅಲ್ಲಿ ಬೇಸಿಗೆಯೇ ಸುಗ್ಗಿ. ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ಎಷ್ಟು ಊರುಗಳಲ್ಲಿ ರೋಡಿಯೊ ನಡೆಯುತ್ತದೆಂದರೆ, ಸ್ಪರ್ಧಿಗಳು ಹಗಲು ಒಂದೂರಲ್ಲಿ ಸವಾರಿ ಮಾಡಿ ರಾತ್ರಿಯೆಲ್ಲ ಗಾಡಿ ಓಡಿಸಿ ಮರುದಿನ ಇನ್ನೊಂದೂರಿನಲ್ಲಿ ಇಳಿಯುತ್ತಾರೆ. ಆ ದಿನಗಳನ್ನು ಅವರು ಕೌಬಾಯ್ ಕ್ರಿಸ್‌ಮಸ್ ಎಂದು ಕರೆಯುತ್ತಾರೆ. ರಾಣಿಯೂ ಅದೇ ದಾರಿಯಲ್ಲಿ ಓಡಬೇಕು. ಜೂನ್‌ನಲ್ಲಿ ನೆವಾಡಾದ ರೀನೊ, ಜುಲೈನಲ್ಲಿ ಶೈಯಾನ್, ಆಗಸ್ಟ್ ತುಂಬ ಜಿಲ್ಲಾ ಮೇಳಗಳು, ಸೆಪ್ಟೆಂಬರ್‌ನಲ್ಲಿ ಆರೆಗಾನ್‌ನ ಪೆಂಡಲ್ಟನ್, ಹೀಗೆ ಹಬ್ಬದ ಹಿಂದೆ ಹಬ್ಬ.

ಶೈಯಾನ್ ಹಬ್ಬಕ್ಕೆ ಮಿಸ್ ಫ್ರಾಂಟಿಯರ್ ಎಂಬ ತನ್ನದೇ ರಾಣಿ ಇದ್ದಾಳೆ. ಒಂದು ವರ್ಷ ಸಹಾಯಕಿಯಾಗಿ ಅವಳ ಹಿಂದೆ ನಿಂತು ಕಲಿತವಳೇ ಮರುವರ್ಷ ಆ ಪಟ್ಟಕ್ಕೆ ಏರುತ್ತಾಳೆ. ಈ ಪದ್ಧತಿ ನನಗೆ ಬಹಳ ಹಿಡಿಸಿತು. ಅವಳಲ್ಲದೆ ಬೇರೆ ಬೇರೆ ರಾಜ್ಯಗಳ ರಾಣಿಯರೂ ಅತಿಥಿಗಳಾಗಿ ಬರುತ್ತಾರೆ. ನಾನು ನೋಡಿದವಳು ಅಂಥ ಒಬ್ಬ ಅತಿಥಿ. ಅವಳ ಹೆಸರು ಇಲ್ಲಿ ಬೇಡ. ಬೆಳಿಗ್ಗೆ ಅವಳನ್ನು ಮೊದಲು ಕಂಡದ್ದು ನಗರದ ಚೌಕದಲ್ಲಿ, ಊರವರೆಲ್ಲ ಕೂಡಿ ಬಂದವರಿಗೆ ಉಚಿತವಾಗಿ ದೋಸೆಯಂಥ ಪ್ಯಾನ್‌ಕೇಕ್ ಬಡಿಸುವ ಕಡೆ. ಅಲ್ಲಿ ಅವಳು ಮಕ್ಕಳ ಎತ್ತರಕ್ಕೆ ಮಂಡಿಯೂರಿ ಕುಳಿತು ಅವರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದಳು. ಕುದುರೆ ಎಷ್ಟು ಹೊತ್ತು ಮಲಗುತ್ತದೆ ಎಂದು ಒಂದು ಮಗು ಕೇಳಿತು. ನಿಂತೇ ತೂಕಡಿಸುತ್ತದೆ, ಗಾಢ ನಿದ್ದೆಗೆ ಮಾತ್ರ ಸ್ವಲ್ಪ ಹೊತ್ತು ನೆಲಕ್ಕೆ ಒರಗುತ್ತದೆ ಎಂದು ಅವಳು ಸರಿಯಾದ ಉತ್ತರವನ್ನೇ ಹೇಳಿದಳು. ಅಲ್ಲಿಂದಲೇ ನನ್ನ ಕುತೂಹಲ ಹೆಚ್ಚಿತು.

ಮಧ್ಯಾಹ್ನ ಕಣದ ಹಿಂಬದಿಯ ಬೇಲಿಯ ಬಳಿ ನಿಂತಿದ್ದೆವು. ದಿನದ ಪಂದ್ಯಗಳಿಗೆ ಮೊದಲು ನಡೆಯುವ ಮೆರವಣಿಗೆಯಲ್ಲಿ ರಾಣಿಯರು ಬಾವುಟ ಹಿಡಿದು ಕುದುರೆಯನ್ನು ನಾಗಾಲೋಟದಲ್ಲಿ ಓಡಿಸುತ್ತ ಕಣಕ್ಕೆ ಒಂದು ಸುತ್ತು ಬರುತ್ತಾರೆ. ಅವಳ ಸ್ವಂತ ಕುದುರೆ ಮನೆಯಲ್ಲಿತ್ತು. ದೂರದೂರಿಗೆ ಹೋದಾಗ ಅಲ್ಲಿಯವರು ಯಾವ ಕುದುರೆ ಕೊಡುತ್ತಾರೋ ಅದನ್ನೇ ಏರಬೇಕು, ಬಹಳ ಸಲ ಹತ್ತು ನಿಮಿಷದ ಪರಿಚಯದಲ್ಲಿ ಏರಬೇಕು. ಕೊಟ್ಟದ್ದು ಕಂದು ಬಣ್ಣದ ಎತ್ತರದ ಕುದುರೆ, ಕಿವಿ ಹಿಂದಕ್ಕೆ ಒತ್ತಿಕೊಂಡು ನಿಂತಿತ್ತು. ಅವಳು ನೇರವಾಗಿ ಮುಖದ ಕಡೆ ಹೋಗಲಿಲ್ಲ. ಪಕ್ಕದಿಂದ ಬಂದು ಅಂಗೈ ಬಿಡಿಸಿ ಭುಜದ ಮೇಲಿಟ್ಟಳು, ಮೂಸಲು ಬಿಟ್ಟಳು, ಕುತ್ತಿಗೆಯಿಂದ ಬೆನ್ನಿನವರೆಗೆ ಕೈ ಎತ್ತದೆ ಸವರಿದಳು, ನಾಲ್ಕು ಗೊರಸುಗಳನ್ನೂ ಒಂದೊಂದಾಗಿ ಎತ್ತಿ ನೋಡಿದಳು, ಜೀನಿನ ಹೊಟ್ಟೆಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ ಬಿಗಿ ನೋಡಿದಳು, ಬಾವುಟವನ್ನು ಮೊದಲು ಸುತ್ತಿ ತೋರಿಸಿ ಆಮೇಲೆ ಮೆಲ್ಲಗೆ ಬಿಚ್ಚಿ ಅದರ ಸಪ್ಪಳಕ್ಕೆ ಕುದುರೆಯನ್ನು ಒಗ್ಗಿಸಿದಳು. ಕಿವಿ ಮುಂದಕ್ಕೆ ಬಂದವು. ಆಗಷ್ಟೇ ರಿಕಾಪಿಗೆ ಕಾಲಿಟ್ಟಳು. ಅಪರಿಚಿತ ಎತ್ತಿಗೆ ಸೂಜಿ ಹಾಕಲು ಹೋಗುವಾಗ ನಾನು ಮೂವತ್ತು ವರ್ಷ ಮಾಡಿದ್ದೂ ಇದನ್ನೇ. ಆ ಹತ್ತು ನಿಮಿಷಗಳನ್ನು ಕಂಡವರು ಯಾರೂ ಅವಳನ್ನು ಬರೀ ಸುಂದರಿ ಎಂದು ಕರೆದು ಮುಗಿಸಲಾರರು.

ಆಮೇಲೆ ಬಾವುಟದ ಕೋಲನ್ನು ರಿಕಾಪಿನ ಬಳಿ ಊರಿ, ಒಂದೇ ಕೈಯಲ್ಲಿ ಲಗಾಮು ಹಿಡಿದು, ಎದುರುಗಾಳಿಯಲ್ಲಿ ಟೋಪಿ ಬೀಳದಂತೆ ನೋಡಿಕೊಂಡು, ಸಾವಿರಾರು ಜನರ ಕೂಗಿನ ನಡುವೆ ಅವಳು ಸುತ್ತು ಮುಗಿಸಿದಳು. ಅಲ್ಲಿಗೆ ಕೆಲಸ ಮುಗಿಯಿತೆಂದು ನಾನು ಭಾವಿಸಿದ್ದೆ. ಮುಗಿದಿರಲಿಲ್ಲ. ಹಗ್ಗದ ಪಂದ್ಯ ಒಂದೊಂದು ಸುತ್ತು ಮುಗಿದಂತೆ ಬಿಟ್ಟ ಕರುವನ್ನೋ ಹೋರಿಯನ್ನೋ ಕಣದಿಂದ ಹೊರಗಿನ ದೊಡ್ಡಿಗೆ ಅಟ್ಟುವ ಕೆಲಸಕ್ಕೂ ರಾಣಿಯರು ನಿಲ್ಲುತ್ತಾರೆ. ಅದೇ ಅಲಂಕಾರದಲ್ಲಿ, ಅದೇ ಎರವಲು ಕುದುರೆಯ ಮೇಲೆ, ದಿಕ್ಕು ತಪ್ಪಿ ಓಡುವ ಹೋರಿಗೆ ಅಡ್ಡ ನಿಂತು ತಿರುಗಿಸುವುದನ್ನು ಕಂಡಾಗ, ಸಂಜೆ ಹೊತ್ತು ಹಳ್ಳದ ದಂಡೆಯಲ್ಲಿ ದನ ಹೊಡೆದುಕೊಂಡು ಬರುವ ನಮ್ಮ ಹೆಣ್ಣುಮಕ್ಕಳು ಕಣ್ಣ ಮುಂದೆ ಬಂದರು.

ಸಂಜೆ ಅಂಗಡಿಯೊಂದರ ಮುಂದೆ ಮೇಜು ಹಾಕಿ ಕುಳಿತು ಅವಳು ತನ್ನ ಚಿತ್ರದ ಹಾಳೆಗಳ ಮೇಲೆ ಸಹಿ ಹಾಕಿ ಮಕ್ಕಳಿಗೆ ಕೊಡುತ್ತಿದ್ದಳು. ಸಾಲು ಕರಗಿದ ಮೇಲೆ ಮಗಳ ಮೂಲಕ ನಾಲ್ಕು ಮಾತು ಕೇಳಿದೆ. ಕಾಲೇಜಿನಲ್ಲಿ ಪಶುವಿಜ್ಞಾನ ಓದುತ್ತಿರುವುದಾಗಿ, ಆ ವಾರದಲ್ಲಿ ಅದು ನಾಲ್ಕನೆಯ ಊರೆಂದು, ಹಿಂದಿನ ರಾತ್ರಿ ಪೆಟ್ರೋಲ್ ಬಂಕಿನ ಬಳಿ ಗಾಡಿ ನಿಲ್ಲಿಸಿ ಎರಡು ತಾಸು ಮಲಗಿದ್ದಾಗಿ, ನಾಳೆ ಆಸ್ಪತ್ರೆಯಲ್ಲಿರುವ ಮಕ್ಕಳನ್ನು ನೋಡಲು ಹೋಗುವುದಿದೆಯೆಂದು ಹೇಳಿದಳು. ನಾನು ಪಶು ಇಲಾಖೆಯವಳೆಂದು ತಿಳಿದೊಡನೆ ಅವಳೇ ಪ್ರಶ್ನೆ ಕೇಳಲು ಶುರುಮಾಡಿದಳು. ನಿಮ್ಮಲ್ಲಿ ಎತ್ತು ಇನ್ನೂ ಉಳುತ್ತವೆಯೇ, ಭುಜದ ಮೇಲಿನ ಆ ಹಿಣಿಲು ನೊಗಕ್ಕೆ ಹೇಗೆ ಆಸರೆಯಾಗುತ್ತದೆ, ಕೋಡಿಗೆ ಬಣ್ಣ ಯಾಕೆ ಹಚ್ಚುತ್ತೀರಿ ಎಂದೆಲ್ಲ ಕೇಳಿದಳು. ಮೊಬೈಲಿನಲ್ಲಿದ್ದ, ಎತ್ತುಗಳನ್ನು ಸಿಂಗರಿಸುವ ನಮ್ಮ ಕಾರಹುಣ್ಣಿಮೆ ಹಬ್ಬದ ಚಿತ್ರಗಳನ್ನು ತೋರಿಸಿದೆ. ಜೂಲ, ಗೊಂಡೆ, ಹಣೆಪಟ್ಟಿ, ಕೋಡಣಸು, ಗೆಜ್ಜೆಸರ ಒಂದೊಂದರ ಹೆಸರನ್ನೂ ಅವಳು ನನ್ನಿಂದ ಹೇಳಿಸಿಕೊಂಡಳು. ಚಿತ್ರಗಳನ್ನೆಲ್ಲ ನೋಡಿದ ಮೇಲೆ ಅವಳು ಕೇಳಿದ ಪ್ರಶ್ನೆಯೊಂದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ: ಈ ಚಿತ್ರಗಳಲ್ಲಿ ಹೆಂಗಸರು ಎಲ್ಲಿದ್ದಾರೆ?

ಆ ಪ್ರಶ್ನೆಯೇ ಈ ಪತ್ರಕ್ಕೆ ಕಾರಣ. ಆದರೆ ಅದಕ್ಕೆ ಹೋಗುವ ಮುನ್ನ, ನಾನು ಅಲ್ಲಿಯದನ್ನೆಲ್ಲ ಕಣ್ಣುಮುಚ್ಚಿ ಹೊಗಳುತ್ತಿದ್ದೇನೆಂದು ಓದುಗರು ತಿಳಿಯಬಾರದು. ಹಗ್ಗ ಎಸೆದು ಓಡುವ ಕರುವನ್ನು ಸೆಳೆದು ಕೆಡವುವ ಪಂದ್ಯವನ್ನು ನನಗೆ ನೋಡಲಾಗಲಿಲ್ಲ, ಮುಖ ತಿರುಗಿಸಿ ಕುಳಿತೆ. ಅದನ್ನು ನಿಲ್ಲಿಸಬೇಕೆಂದು ಆ ದೇಶದಲ್ಲೇ ಬಹಳ ಮಂದಿ ಹೋರಾಡುತ್ತಿದ್ದಾರೆ, ಅವರ ಮಾತಿನಲ್ಲಿ ಸತ್ಯವಿದೆ. ನಮ್ಮಲ್ಲೂ ಇದೇ ಚರ್ಚೆ ನಡೆದಿದೆ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟಗಳನ್ನು ತಡೆದದ್ದು, 2017ರಲ್ಲಿ ನಮ್ಮ ರಾಜ್ಯ ಕಂಬಳ ಹಾಗೂ ಎತ್ತಿನಗಾಡಿ ಓಟಕ್ಕಾಗಿ ಕಾಯ್ದೆಗೆ ತಿದ್ದುಪಡಿ ತಂದದ್ದು, 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಆ ತಿದ್ದುಪಡಿಗಳನ್ನು ಎತ್ತಿಹಿಡಿದದ್ದು ಎಲ್ಲರಿಗೂ ಗೊತ್ತು. ಪ್ರಾಣಿಗೆ ನೋವಾಗದಂತೆ ನೋಡಿಕೊಳ್ಳುವ ಷರತ್ತಿನ ಮೇಲೆಯೇ ಈ ಅನುಮತಿ ನಿಂತಿದೆ ಎಂಬುದನ್ನು ನಾವು ಮರೆಯುವಂತಿಲ್ಲ. ಇನ್ನು ರಾಣಿಯರ ಉಡುಪು, ಟೋಪಿ, ಪ್ರಯಾಣಗಳಿಗೆ ಎಷ್ಟೋ ಕುಟುಂಬಗಳು ಸ್ವಂತ ಹಣ ಸುರಿಯುತ್ತವೆ, ಪ್ರಾಯೋಜಕರನ್ನು ಹುಡುಕುತ್ತವೆ. ಮದುವೆಯಾಗದವರಷ್ಟೇ ರಾಣಿಯಾಗಬಹುದೆಂಬ ನಿಯಮವೂ ನನಗೆ ಒಪ್ಪಿಗೆಯಾಗದು.

ರಾಣಿ ಪಟ್ಟದ ಚರಿತ್ರೆಯಲ್ಲೂ ಒಂದು ನೋವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೆಂಗಸರೂ ಗಂಡಸರಂತೆ ಒದೆಯುವ ಕುದುರೆಗಳನ್ನು ಏರಿ ಸ್ಪರ್ಧಿಸುತ್ತಿದ್ದರು. 1929ರಲ್ಲಿ ಪೆಂಡಲ್ಟನ್‌ನಲ್ಲಿ ಬಾನಿ ಮೆಕ್ಯಾರಲ್ ಎಂಬ ಹೆಸರಾಂತ ಸವಾರಿಣಿ ಕುದುರೆಯಿಂದ ಬಿದ್ದು ಗಾಯಗೊಂಡು ತೀರಿಕೊಂಡ ಮೇಲೆ ಒಂದೊಂದೇ ಊರಿನಲ್ಲಿ ಹೆಂಗಸರ ಆ ಪಂದ್ಯಗಳು ನಿಂತುಹೋದವು. ಗಂಡಸರು ಬಿದ್ದು ಸತ್ತಾಗ ಯಾವ ಪಂದ್ಯವೂ ನಿಂತಿರಲಿಲ್ಲ. ಸ್ಪರ್ಧೆಯ ಕಣ ಕೈತಪ್ಪಿದ ಕಾಲದಲ್ಲಿ ಹೆಣ್ಣಿಗೆ ಉಳಿದದ್ದು ಮೆರವಣಿಗೆಯ ಮುಂದೆ ನಗುತ್ತ ಹೋಗುವ ರಾಣಿಯ ಸ್ಥಾನ. 1948ರಲ್ಲಿ ಟೆಕ್ಸಸ್‌ನಲ್ಲಿ 38 ಮಂದಿ ಹೆಂಗಸರು ಸೇರಿ ತಮ್ಮದೇ ಸಂಘ ಕಟ್ಟಿ, ಪೀಪಾಯಿಗಳ ಸುತ್ತ ಕುದುರೆ ಓಡಿಸುವ ಪಂದ್ಯವನ್ನು ಬೆಳೆಸಿ, ಮತ್ತೆ ಕಣಕ್ಕೆ ಕಾಲಿಟ್ಟರು. ರಾಣಿಯ ಆಯ್ಕೆಯೂ ಕ್ರಮೇಣ ಬಿಗಿಯಾಯಿತು. 1955ರಿಂದ ನಡೆಯುತ್ತಿರುವ ಮಿಸ್ ರೋಡಿಯೊ ಅಮೆರಿಕಾ ಸ್ಪರ್ಧೆಯಲ್ಲಿ ಈಗ ರೂಪಕ್ಕೆ ಅಂಕವಿದ್ದರೂ ಅದರ ಜೊತೆಗೆ ಪರಿಚಯವಿಲ್ಲದ ಕುದುರೆಯ ಮೇಲೆ ಸವಾರಿ ಪರೀಕ್ಷೆ, ಕುದುರೆಯ ದೇಹರಚನೆ ಮತ್ತು ರೋಗಗಳ ಬಗ್ಗೆ, ರೋಡಿಯೊ ನಿಯಮಗಳ ಬಗ್ಗೆ ಲಿಖಿತ ಪರೀಕ್ಷೆ, ಸಂದರ್ಶನ, ಆಶುಭಾಷಣ ಎಲ್ಲ ಇವೆ. ಗೆದ್ದವಳಿಗೆ ಸಿಗುವ ಮುಖ್ಯ ಬಹುಮಾನ ವಿದ್ಯಾರ್ಥಿವೇತನ. ಸೌಂದರ್ಯ ಸ್ಪರ್ಧೆಯ ರೂಪದಲ್ಲಿ ಹುಟ್ಟಿದ್ದನ್ನು ಆ ಹೆಣ್ಣುಮಕ್ಕಳೇ ತಮ್ಮ ಜಾಣ್ಮೆಯಿಂದ ಜ್ಞಾನದ ಪದವಿಯನ್ನಾಗಿ ಮಾಡಿಕೊಂಡರು ಎಂದು ನಾನು ತಿಳಿದಿದ್ದೇನೆ.

ಈಗ ನಮ್ಮ ಊರಿಗೆ ಬರುತ್ತೇನೆ. ಕಾರಹುಣ್ಣಿಮೆಯ ಹೊತ್ತಿಗೆ ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಸಾಂಸ್ಕೃತಿಕ ಹಬ್ಬಕ್ಕೆ ಬಾರದವರು ನಮ್ಮ ಭಾಗದಲ್ಲಿ ಕಡಿಮೆ. ರಾಜೇಂದ್ರ ಗಂಜ್ ಎಂಬ ಕೃಷಿ ಮಾರುಕಟ್ಟೆಯ ಆವರಣದಲ್ಲಿ ಟನ್ನುಗಟ್ಟಲೆ ತೂಕದ ಕಲ್ಲನ್ನು ಎತ್ತಿನ ಜೋಡಿ ಎಳೆಯುವುದನ್ನು ನೋಡಲು ಆಂಧ್ರ, ತೆಲಂಗಾಣಗಳಿಂದಲೂ ಜನ ಬರುತ್ತಾರೆ, ಎತ್ತುಗಳೂ ಬರುತ್ತವೆ. ಅಷ್ಟು ಜನರನ್ನು ಸೇರಿಸಿ ಅಷ್ಟು ಅಚ್ಚುಕಟ್ಟಾಗಿ ಹಬ್ಬ ಮಾಡುವುದು ಸುಲಭವಲ್ಲ, ಆ ಬಗ್ಗೆ ನನಗೆ ಗೌರವವಿದೆ. ಹಳ್ಳಿಗಳಲ್ಲಿ ಅದೇ ದಿನ ಸಂಜೆ ಕರಿ ಹರಿಯುತ್ತಾರೆ. ಬೇವಿನ ಸೊಪ್ಪಿನ ಹಗ್ಗವನ್ನು ಮೊದಲು ದಾಟಿದ ಎತ್ತು ಬಿಳಿಯದೋ ಕೆಂದದೋ ಎಂದು ನೋಡಿ ಆ ವರ್ಷ ಯಾವ ಬೆಳೆ ಕೈಹಿಡಿಯುತ್ತದೆಂದು ಹಿರಿಯರು ಲೆಕ್ಕ ಹಾಕುತ್ತಾರೆ. ಈ ಎರಡೂ ಕಡೆ ಕಣದಲ್ಲಿ, ವೇದಿಕೆಯಲ್ಲಿ, ಬಹುಮಾನದ ಪಟ್ಟಿಯಲ್ಲಿ ಗಂಡಸರೇ. ಎತ್ತಿನ ಮೈ ತೊಳೆದು, ಕೋಡು ಹೆರೆದು ಬಣ್ಣ ಹಚ್ಚಲು ಕೈಜೋಡಿಸಿ, ಹೋಳಿಗೆ ಮಾಡಿ, ಆರತಿ ಎತ್ತಿದ ಹೆಂಗಸರು ಹೊಸ್ತಿಲವರೆಗೆ ಮಾತ್ರ ಬರುತ್ತಾರೆ. ಅಮೆರಿಕದ ಹುಡುಗಿ ನನ್ನ ಚಿತ್ರಗಳಲ್ಲಿ ಹುಡುಕಿದ್ದು ಅವರನ್ನೇ.

ಜಾನುವಾರಿನ ಬಗ್ಗೆ ಮನೆಯಲ್ಲಿ ಹೆಚ್ಚು ತಿಳಿದವರು ಯಾರೆಂಬುದನ್ನು ನನ್ನ ಸೇವಾವಧಿ ನನಗೆ ಚೆನ್ನಾಗಿ ಕಲಿಸಿದೆ. ಲಸಿಕೆಗೆ ಹಳ್ಳಿಗೆ ಹೋದಾಗ ದನ ಎಷ್ಟು, ಯಾರ ಹೆಸರಲ್ಲಿ ಬರೆಯಬೇಕು ಎಂದು ಹೇಳುವವರು ಗಂಡಸರು. ಈ ಆಕಳು ನಿನ್ನೆಯಿಂದ ಮೇವು ಬಿಟ್ಟಿದೆ, ಇದು ಗಬ್ಬವಾಗಿ ಏಳು ತಿಂಗಳು, ಆ ಕರುವಿಗೆ ಮೈ ಬಿಸಿಯಿದೆ, ಇವತ್ತು ಸೂಜಿ ಬೇಡ ಎಂದು ಹೇಳುವವರು ಬಾಗಿಲ ಹಿಂದೆ ನಿಂತ ಹೆಂಗಸರು. ಎಷ್ಟೋ ಬಾರಿ ಅವರ ಆ ಒಂದು ಮಾತಿನಿಂದ ಒಂದು ಜೀವ ಉಳಿದದ್ದನ್ನು ಕಂಡಿದ್ದೇನೆ. 2022ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯವನ್ನು ಆವರಿಸಿದಾಗಲೂ ಹೀಗೆಯೇ ಆಯಿತು. ಹಾಲು ಕರೆಯಲು ಕುಳಿತ ಕೈಗೆ ಮೊದಲ ಗಂಟು ಸಿಕ್ಕಿದ ಮನೆಗಳಲ್ಲಿ ರೋಗಿ ದನವನ್ನು ಬೇಗ ಬೇರೆ ಕಟ್ಟಿದರು.

ಮಹಿಳಾ ಸ್ವಸಹಾಯ ಗುಂಪುಗಳ ಸಂಜೀವಿನಿ ಒಕ್ಕೂಟಗಳಲ್ಲಿ ಈಗ ಪಶು ಸಖಿಯರಿದ್ದಾರೆ. ತರಬೇತಿ ಪಡೆದು, ಮನೆಮನೆಗೆ ನಡೆದು, ಪ್ರಥಮ ಚಿಕಿತ್ಸೆ, ಮೇವು, ಲಸಿಕೆಗಳ ಬಗ್ಗೆ ತಿಳಿಹೇಳುವವರು ಅವರು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ರೈತರ ಮನೆಗಳಿಂದ ಬಂದ ಹೆಣ್ಣುಮಕ್ಕಳು ಓದುತ್ತಿದ್ದಾರೆ. ಇವರಲ್ಲಿ ಒಬ್ಬಳನ್ನು ಪ್ರತಿ ವರ್ಷ ಜ್ಞಾನ ಪರೀಕ್ಷೆ ಮಾಡಿ, ಎತ್ತು ಆಕಳುಗಳನ್ನು ನಿಭಾಯಿಸುವ ಕೈಗುಣ ನೋಡಿ ಆರಿಸಿ, ಮುಂಗಾರು ಹಬ್ಬದ ಮೆರವಣಿಗೆಯ ಮುಂದೆ ಒಂದು ಎತ್ತಿನ ಜೋಡಿಯ ಹಗ್ಗ ಹಿಡಿದು ನಡೆಯುವ ಗೌರವವನ್ನು ಕೊಡಬೇಕೆಂಬುದು ನನ್ನ ವಿನಂತಿ. ಕಿರೀಟ ಬೇಡ, ರಾಣಿಯೆಂಬ ಹೆಸರೂ ಬೇಡ. ಮದುವೆಯಾದವಳೋ ಆಗದವಳೋ, ಬಣ್ಣವೇನು, ಎತ್ತರವೆಷ್ಟು ಎಂಬ ಪ್ರಶ್ನೆಗಳಂತೂ ಬೇಡವೇ ಬೇಡ. ಆದರೆ ಹಬ್ಬ ಮುಗಿದ ಮೇಲೂ ಅವಳ ಪದವಿ ಒಂದು ವರ್ಷ ಉಳಿಯಬೇಕು. ಮಾನ್ವಿ, ಸಿಂಧನೂರು, ಲಿಂಗಸುಗೂರು, ದೇವದುರ್ಗಗಳ ಜಾತ್ರೆಗಳಿಗೆ, ದನದ ಸಂತೆಗಳಿಗೆ, ಶಾಲೆಗಳಿಗೆ ಅವಳು ಹೋಗಿಬರಬೇಕು. ಅವಳ ಬಸ್ಸಿನ ಖರ್ಚು, ಊಟ, ವಸತಿ, ದಿನಗೂಲಿ ಸಂಘಟಕರದಾಗಿರಬೇಕು. ಆ ರೋಡಿಯೊ ಹುಡುಗಿ ಪೆಟ್ರೋಲ್ ಬಂಕಿನಲ್ಲಿ ಮಲಗಿದಂತೆ ನಮ್ಮ ಹುಡುಗಿ ಬಸ್ ನಿಲ್ದಾಣದಲ್ಲಿ ಮಲಗಬಾರದು.

ಕಾಲವೂ ಇದಕ್ಕೆ ಹೊಂದಿಕೊಳ್ಳುತ್ತದೆ. ದನಗಳಿಗೆ ಬರುವ ಗಳಲೆ ರೋಗ, ಚಪ್ಪೆ ರೋಗಗಳಿಗೆ ಲಸಿಕೆ ಹಾಕಿಸಬೇಕಾದದ್ದು ಮಳೆಗಾಲಕ್ಕೆ ಮುಂಚೆ, ಅಂದರೆ ಕಾರಹುಣ್ಣಿಮೆಯ ಆಸುಪಾಸಿನಲ್ಲೇ. ಗಬ್ಬದ ದನ ಕಂದು ಹಾಕುವಂತೆ ಮಾಡುವ ಕಂದುರೋಗದ (ಬ್ರುಸೆಲ್ಲೋಸಿಸ್) ಲಸಿಕೆಯನ್ನು ಹೆಣ್ಣುಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ವಯಸ್ಸಿನೊಳಗೆ ಹಾಕಿಸಬೇಕು ಎಂಬುದು ಎಷ್ಟೋ ಮನೆಗಳಿಗೆ ಇಂದಿಗೂ ತಿಳಿದಿಲ್ಲ. ಸಾವಿರಾರು ರೈತರು ಒಂದೇ ಕಡೆ ಸೇರುವ ಗಂಜಿನ ಆವರಣದಲ್ಲಿ, ಕಲ್ಲು ಎಳೆಯುವ ಎರಡು ಜೋಡಿಗಳ ನಡುವಿನ ಬಿಡುವಿನಲ್ಲಿ, ಎತ್ತಿನ ಹಗ್ಗ ಹಿಡಿದ ಹೆಣ್ಣುಮಗಳೊಬ್ಬಳು ಧ್ವನಿವರ್ಧಕದಲ್ಲಿ ಐದು ನಿಮಿಷ ಈ ಮಾತು ಹೇಳಿದರೆ ನಮ್ಮ ಇಲಾಖೆಯ ನೂರು ಕರಪತ್ರಗಳಿಗಿಂತ ಹೆಚ್ಚು ಮನೆಗಳನ್ನು ಅದು ಮುಟ್ಟುತ್ತದೆ. ಮನೆಯಲ್ಲಿ ಉಳಿದ ಹೆಂಗಸರೂ ಆಗ ಗಂಜಿಗೆ ಬರುವ ಮನಸ್ಸು ಮಾಡುತ್ತಾರೆ.

ಕೊನೆಯದಾಗಿ ತಮ್ಮಲ್ಲೇ ಒಂದು ಕೋರಿಕೆ. ಮುಂದಿನ ಕಾರಹುಣ್ಣಿಮೆಗೆ ತಮ್ಮ ವರದಿಗಾರರು ರಾಜೇಂದ್ರ ಗಂಜಿಗೆ ಬಂದಾಗ, ಗೆದ್ದ ಎತ್ತುಗಳ ಮಾಲೀಕರ ಹೆಸರು ಬರೆದುಕೊಂಡ ಮೇಲೆ, ಆ ಎತ್ತುಗಳಿಗೆ ವರ್ಷವಿಡೀ ಮೇವು ನೀರು ಇಟ್ಟವರು ಯಾರೆಂದೂ ಕೇಳಿ ಆ ಹೆಸರನ್ನೂ ಅಚ್ಚು ಹಾಕಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಜಾನುವಾರು ಅಧಿಕಾರಿ,
ಸಿರವಾರ, ರಾಯಚೂರು ಜಿಲ್ಲೆ